ಕ್ಯಾಮೆರಾ ಇತ್ತು, ನನ್ನ ಮಗನ ಕೈಯಲ್ಲಿ

ನಮ್ಮ ಬಡಾವಣೆಯ ಸಮಿತಿಯವರಿಗೆ, ಶಾಲೆಯ ಮುಖ್ಯಸ್ಥರಿಗೆ, ಠಾಣೆಯ ಅಧಿಕಾರಿಗಳಿಗೆ, ಮೊನ್ನೆ ಸಭೆಗೆ ಬಂದಿದ್ದ ಎಲ್ಲ ಅಪ್ಪ ಅಮ್ಮಂದಿರಿಗೆ,

ನಮಸ್ಕಾರ.

ಭಾನುವಾರದ ಸಭೆಯಲ್ಲಿ ನಾನೂ ಇದ್ದೆ. ಕೊನೆಯ ಸಾಲಿನಲ್ಲಿ, ಬಾಗಿಲ ಹತ್ತಿರ. ಎರಡು ಗಂಟೆ ನೀವೆಲ್ಲ ಮಾತಾಡಿದಿರಿ, ನಾನು ಬಾಯಿ ಬಿಡಲಿಲ್ಲ. ಯಾಕೆ ಅಂತ ಮೊದಲೇ ಹೇಳಿಬಿಡುತ್ತೇನೆ. ಶಾಲೆಯ ಹಿಂದಿನ ಓಣಿಯಲ್ಲಿ ಎಂಟನೇ ತರಗತಿಯ ಹುಡುಗನನ್ನು ಗೋಡೆಗೆ ಒತ್ತಿ ಹೊಡೆಯುವ ವಿಡಿಯೊ ನಿಮ್ಮೆಲ್ಲರ ಮೊಬೈಲಿಗೂ ಬಂದಿತ್ತಲ್ಲ, ಅದನ್ನು ತೆಗೆದವನು ನನ್ನ ಮಗ.

ಅವನು ಹೊಡೆದಿಲ್ಲ. ಮೂರು ದಿನ ಈ ಒಂದು ಮಾತನ್ನೇ ಹಿಡಿದುಕೊಂಡು ಸಮಾಧಾನ ಮಾಡಿಕೊಂಡೆ. ನಾಲ್ಕನೇ ದಿನ ರಾತ್ರಿ, ಎಲ್ಲರೂ ಮಲಗಿದ ಮೇಲೆ, ಇಯರ್‌ಫೋನ್ ಹಾಕಿಕೊಂಡು ಅದನ್ನು ಮತ್ತೆ ನೋಡಿದೆ. 26 ಸೆಕೆಂಡು ಅಷ್ಟೇ. ನಡುವೆ ಒಂದು ಕಡೆ ಆ ಹುಡುಗನ ಕಾಲಿನ ಶೂ ಕಳಚಿಕೊಳ್ಳುತ್ತದೆ. ಬೆನ್ನಿಗೆ ಏಟು ಬೀಳುತ್ತಿದ್ದರೂ ಅವನು ಬಗ್ಗಿ ಅದನ್ನು ಹಾಕಿಕೊಳ್ಳಲು ನೋಡುತ್ತಾನೆ. ಶೂ ಕಳೆದುಕೊಂಡು ಮನೆಗೆ ಹೋದರೆ ಏನು ಹೇಳುವುದು ಅಂತ ಅವನಿಗೆ ಆಗಲೇ ಯೋಚನೆ ಬಂದಿತ್ತೋ ಏನೋ. ಆಗ ಒಂದು ನಗು ಕೇಳಿಸುತ್ತದೆ. ಮೊಬೈಲಿಗೆ ತೀರಾ ಹತ್ತಿರದ ನಗು. ತೊಟ್ಟಿಲಲ್ಲಿ ಇದ್ದಾಗಿನಿಂದ ನಾನು ಕೇಳಿಕೊಂಡು ಬಂದ ನಗು ಅದು.

ಹಾಗಾಗಿ ಈ ಪತ್ರವನ್ನು ನೊಂದವರ ಕಡೆಯಿಂದ ಬರೆಯುವ ಹಕ್ಕು ನನಗಿಲ್ಲ. ಸುಮ್ಮನೆ ನಿಂತು ನೋಡಿದವರ ಕಡೆಯಿಂದ ಬರೆಯುತ್ತಿದ್ದೇನೆ. ಅವರೇ ಜಾಸ್ತಿ ಜನ. ಅವರ ಮಾತು ಮಾತ್ರ ಸಭೆಯಲ್ಲಿ ಒಮ್ಮೆಯೂ ಬರಲಿಲ್ಲ.

ಸಭೆಯಲ್ಲಿ ಎಲ್ಲಕ್ಕಿಂತ ಜೋರಾಗಿ ಕೇಳಿದ್ದು ಸಿಸಿಟಿವಿ. ಬೇಡ ಅನ್ನುವುದಿಲ್ಲ, ಹಾಕಿಸಿ. ಆದರೆ ಅವತ್ತು ಅಲ್ಲಿ ಕ್ಯಾಮೆರಾ ಇತ್ತಲ್ಲ! ಎಲ್ಲವನ್ನೂ ಚೆನ್ನಾಗಿ ಹಿಡಿಯಿತು. ಯಾವುದನ್ನೂ ನಿಲ್ಲಿಸಲಿಲ್ಲ. ನನ್ನನ್ನು ಕೇಳಿದರೆ ಜಾಸ್ತಿಯೇ ಮಾಡಿತು. ಮೊಬೈಲ್ ಮೇಲೆದ್ದ ಕೂಡಲೇ ಹೊಡೆಯುವ ಹುಡುಗ ಒಮ್ಮೆ ಈ ಕಡೆ ತಿರುಗಿ ನೋಡಿ, ಮತ್ತೆ ಕೈ ಎತ್ತುತ್ತಾನೆ. ಅದನ್ನು ನೀವೂ ನೋಡಿರುತ್ತೀರಿ.

ಈ ವಯಸ್ಸಿನ ಸ್ವಭಾವವೇ ಅಂಥದ್ದು. 2005ರಲ್ಲಿ ಅಮೆರಿಕದ ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಎಂಬ ಮನೋವಿಜ್ಞಾನಿಗಳು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಬೇರೆ ಬೇರೆ ವಯಸ್ಸಿನವರಿಗೆ ಕಾರು ಓಡಿಸುವ ಒಂದು ವಿಡಿಯೊ ಗೇಮ್ ಕೊಟ್ಟರು. ಹಳದಿ ದೀಪ ಬಿದ್ದ ಮೇಲೂ ಎಷ್ಟು ದೂರ ಓಡಿಸುತ್ತೀಯ ಅನ್ನುವುದೇ ಆಟ. ಕೆಲವರನ್ನು ಒಬ್ಬರೇ ಆಡಿಸಿದರು, ಕೆಲವರನ್ನು ಇಬ್ಬರು ಗೆಳೆಯರನ್ನು ಪಕ್ಕದಲ್ಲಿ ಕೂರಿಸಿ ಆಡಿಸಿದರು. 24 ದಾಟಿದವರಿಗೆ ಯಾರು ಪಕ್ಕದಲ್ಲಿದ್ದರೂ ಒಂದೇ. ಆದರೆ 13ರಿಂದ 16ರ ಮಕ್ಕಳು ಗೆಳೆಯರು ನೋಡುತ್ತಿದ್ದಾಗ ಅಪಾಯದ ಕಡೆಗೆ ಜಾಸ್ತಿ ನುಗ್ಗಿದರು. ನೋಡುವವರು ಇದ್ದಾರೆ ಅನ್ನುವುದೇ ಅವರಿಗೆ ಪೆಟ್ರೋಲ್ ಇದ್ದ ಹಾಗೆ. ಇದನ್ನು ಓದಿದ ಮೇಲೆ 'ನನ್ನ ಮಗ ಏನೂ ಮಾಡಿಲ್ಲ' ಅನ್ನುವ ಮಾತು ನನ್ನ ಗಂಟಲಲ್ಲೇ ಉಳಿಯಿತು.

ಫಿನ್‌ಲೆಂಡಿನ ಕ್ರಿಸ್ಟಿನಾ ಸಾಲ್ಮಿವಲ್ಲಿ ಅನ್ನುವ ಸಂಶೋಧಕಿ 1996ರಲ್ಲೇ ಇದನ್ನು ಬಿಡಿಸಿ ಹೇಳಿದ್ದರು. ಒಬ್ಬ ಹೊಡೆಯುವವನು, ಒಬ್ಬ ಹೊಡೆಸಿಕೊಳ್ಳುವವನು, ಇಷ್ಟೇ ಅಲ್ಲ. ಹೊಡೆಯುವವನಿಗೆ ಕೈ ಜೋಡಿಸುವವರು ಇರುತ್ತಾರೆ. ನಕ್ಕು ಹುರಿದುಂಬಿಸುವವರು ಇರುತ್ತಾರೆ. ನೋಡಿಯೂ ನೋಡದ ಹಾಗೆ ಪಕ್ಕಕ್ಕೆ ಸರಿಯುವವರು, ನೊಂದವನ ಪರ ನಿಲ್ಲುವವರು, ಹೀಗೆ ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ಅಲ್ಲಿನ ತುರ್ಕು ವಿಶ್ವವಿದ್ಯಾಲಯದಲ್ಲಿ ಇದರ ಮೇಲೇ ಕಿವಾ ಅನ್ನುವ ಕಾರ್ಯಕ್ರಮ ಕಟ್ಟಿದರು. 2009ರಿಂದ ದೇಶದ ಶಾಲೆಗಳಿಗೆಲ್ಲ ಅದನ್ನು ಮುಟ್ಟಿಸಲು ಶುರು ಮಾಡಿದರು. ಅವರ ಮುಖ್ಯ ಗಮನ ಇರುವುದು ಸುತ್ತ ನಿಂತವರ ಮೇಲೆ.

ಅದಕ್ಕೆ ಕಾರಣ ಇದೆ. ಕೆನಡಾದಲ್ಲಿ ಡೆಬ್ರಾ ಪೆಪ್ಲರ್, ವೆಂಡಿ ಕ್ರೇಗ್ ಮತ್ತು ಅವರ ಸಂಗಡಿಗರು ಪ್ರಾಥಮಿಕ ಶಾಲೆಗಳ ಆಟದ ಮೈದಾನದಲ್ಲಿ ಮಕ್ಕಳನ್ನು ದೂರದಿಂದ ವಿಡಿಯೊ ಮಾಡಿ, ಕೂತು ಲೆಕ್ಕ ಹಾಕಿದರು. 2001ರಲ್ಲಿ ಬಂದ ಅವರ ವರದಿಯಲ್ಲಿ ಎರಡು ಅಂಕಿ ಇವೆ. ಒಬ್ಬರನ್ನು ಇನ್ನೊಬ್ಬರು ಕಾಡುತ್ತಿದ್ದ ಘಟನೆಗಳಲ್ಲಿ 88% ಸಲ ಬೇರೆ ಮಕ್ಕಳು ಅಲ್ಲೇ ಇದ್ದರು. ಅವರು ಮಧ್ಯೆ ಬಂದದ್ದು 19% ಸಲ ಮಾತ್ರ. ಹಾಗೆ ಬಂದಾಗ ಏನಾಯಿತು? 57% ಸಲ 10 ಸೆಕೆಂಡಿನೊಳಗೆ ಎಲ್ಲ ನಿಂತುಹೋಯಿತು.

10 ಸೆಕೆಂಡು. ನನ್ನ ಮಗನ ವಿಡಿಯೊ 26 ಸೆಕೆಂಡು ಇದೆ.

ಅವನನ್ನು ಕೇಳಿದೆ. ಬೈಯಲಿಲ್ಲ, ಬೈಯಲು ನನಗೆ ಶಕ್ತಿ ಇರಲಿಲ್ಲ. "ಬಿಡ್ರೋ ಅಂತ ಒಂದು ಮಾತು ಅನ್ನಬಹುದಿತ್ತಲ್ಲೋ?" ಅವನು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದ: "ಅಂದಿದ್ರೆ ಮಾರನೇ ದಿನ ನನ್ ಸರದಿ, ಅಮ್ಮಾ."

ಅವನ ಭಯ ಸುಳ್ಳಲ್ಲ. ಅದಕ್ಕೇ 'ಮಕ್ಕಳೇ ಮಕ್ಕಳನ್ನು ಕಾಪಾಡಿಕೊಳ್ಳಲಿ' ಅಂತ ದೊಡ್ಡವರು ಕೈ ತೊಳೆದುಕೊಂಡರೆ ಸರಿಹೋಗುವುದಿಲ್ಲ. ಮರಿಯಾ ತೋಫಿ ಮತ್ತು ಡೇವಿಡ್ ಫಾರಿಂಗ್ಟನ್ ಅನ್ನುವ ಸಂಶೋಧಕರು 2011ರಲ್ಲಿ ಹಲವು ದೇಶಗಳ ಶಾಲಾ ಕಾರ್ಯಕ್ರಮಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಒಟ್ಟಾರೆ ಕಾಟ ಕೊಡುವುದು ಸುಮಾರು 20% ಇಳಿದಿತ್ತು. ತಂದೆ ತಾಯಂದಿರ ಜೊತೆ ಸಭೆ, ಮೈದಾನದಲ್ಲಿ ದೊಡ್ಡವರ ನಿಗಾ, ಇವು ಇದ್ದ ಕಡೆ ಫಲ ಚೆನ್ನಾಗಿತ್ತು. ಜಗಳ ಬಿಡಿಸುವ, ಬುದ್ಧಿ ಹೇಳುವ ಕೆಲಸವನ್ನು ಔಪಚಾರಿಕವಾಗಿ ಮಕ್ಕಳ ತಲೆಗೇ ಕಟ್ಟಿದ ಕಡೆ ಕೆಲವೊಮ್ಮೆ ಕಾಟ ಜಾಸ್ತಿಯೇ ಆಗಿತ್ತು. ಒಬ್ಬ ಹುಡುಗ 'ಬಿಡ್ರೋ' ಅನ್ನಬೇಕಾದರೆ ಅವನ ಬೆನ್ನ ಹಿಂದೆ ಒಬ್ಬ ದೊಡ್ಡವರು ಇದ್ದಾರೆ ಅಂತ ಅವನಿಗೆ ಗೊತ್ತಿರಬೇಕು. ನಮ್ಮ ಓಣಿಯಲ್ಲಿ ಅವತ್ತು ಯಾರಿದ್ದರು?

ಇನ್ನೊಂದು ವಿಷಯ ಹೇಳಬೇಕು, ಮುಖ್ಯಸ್ಥರು ಬೇಜಾರು ಮಾಡಿಕೊಳ್ಳಬಾರದು. ಈ ಘಟನೆ ಆದದ್ದು ಮೊದಲ ಸಲ ಅಲ್ಲ ಅಂತ ಈಗ ಗೊತ್ತಾಗಿದೆ. ಎರಡು ತಿಂಗಳ ಹಿಂದೆ ಆ ಚಿಕ್ಕ ಹುಡುಗ ದೂರು ಕೊಟ್ಟಿದ್ದ. ಆಗ ಇಬ್ಬರನ್ನೂ ಕೋಣೆಗೆ ಕರೆದು, ಎದುರುಬದುರು ನಿಲ್ಲಿಸಿ, ಕೈ ಕುಲುಕಿಸಿ ಕಳಿಸಲಾಯಿತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತೇವಲ್ಲ, ಮಕ್ಕಳ ಜಗಳಕ್ಕೂ ನಾವು ಅದೇ ಲೆಕ್ಕ ಹಾಕುತ್ತೇವೆ. ಆದರೆ ಇದು ಜಗಳ ಆಗಿರಲೇ ಇಲ್ಲ.

ಬುಲ್ಲಿಯಿಂಗ್ ಅನ್ನುವುದಕ್ಕೆ ನಮ್ಮ ಮಾತಿನಲ್ಲಿ ಒಳ್ಳೆಯ ನುಡಿ ಇದೆ: ಗೋಳು ಹೊಯ್ದುಕೊಳ್ಳುವುದು. ಆ ಮಾತಿನಲ್ಲೇ ಎಲ್ಲ ಇದೆ. ಒಬ್ಬನ ಗೋಳು ಇನ್ನೊಬ್ಬನ ಆಟ. ನಾರ್ವೆಯಲ್ಲಿ ಕೆಲಸ ಮಾಡಿದ ಡಾನ್ ಓಲ್ವೆಯಸ್ ಅನ್ನುವ ಮನೋವಿಜ್ಞಾನಿ ಇದನ್ನು ಜಗಳದಿಂದ ಬೇರೆ ಮಾಡಿ ತೋರಿಸಿದವರು. ಬೇಕಂತಲೇ ಮಾಡುವುದು, ಮತ್ತೆ ಮತ್ತೆ ಮಾಡುವುದು, ಇಬ್ಬರ ಬಲ ಸಮ ಇಲ್ಲದಿರುವುದು, ಈ ಮೂರು ಸೇರಿದರೆ ಅದು ಜಗಳ ಅಲ್ಲ. ಸಮ ಬಲದವರ ಜಗಳದಲ್ಲಿ ರಾಜಿ ಮಾಡಿಸಬಹುದು. ಇಲ್ಲಿ ರಾಜಿ ಮಾಡಿಸಿದರೆ ದುರ್ಬಲನಿಗೆ ತಿಳಿಯುವುದು ಒಂದೇ: ದೊಡ್ಡವರಿಗೆ ಹೇಳಿದರೂ ಅಷ್ಟೇ. ಬಲಶಾಲಿಗೆ ತಿಳಿಯುವುದೂ ಒಂದೇ: ಇವನು ಹೇಳಿಬಿಟ್ಟ. ಆ ಕೈ ಕುಲುಕಿಸಿದ ಸಂಜೆ ಏನಾಯಿತು ಅಂತ ನನ್ನ ಮಗ ಈಗ ಹೇಳುತ್ತಿದ್ದಾನೆ. ಇಲ್ಲಿ ಬರೆಯುವುದಿಲ್ಲ. ಮುಖ್ಯಸ್ಥರು ಕೇಳಿದರೆ ಮುಖತಃ ಹೇಳುತ್ತೇನೆ.

ಓಲ್ವೆಯಸ್ ಅವರ ಕೆಲಸ ದೊಡ್ಡದಾಗಿ ಶುರುವಾದದ್ದು ಒಂದು ದುರಂತದ ಮೇಲೆ. 1982ರ ಕೊನೆಯಲ್ಲಿ ಉತ್ತರ ನಾರ್ವೆಯಲ್ಲಿ ಮೂವರು ಹುಡುಗರು ತಾವಾಗಿಯೇ ಜೀವ ಕಳೆದುಕೊಂಡರು. ಜೊತೆಯವರ ಕಾಟ ಅದಕ್ಕೆ ಒಂದು ದೊಡ್ಡ ಕಾರಣ ಇರಬೇಕು ಅನ್ನುವ ಮಾತು ದೇಶವನ್ನೇ ಅಲ್ಲಾಡಿಸಿತು. 1983ರಲ್ಲಿ ಸರ್ಕಾರವೇ ದೇಶದ ಎಲ್ಲ ಕಡೆ ಕಾರ್ಯಕ್ರಮ ಶುರು ಮಾಡಿತು. ಬರ್ಗೆನ್ ಊರಿನ 42 ಶಾಲೆಗಳಲ್ಲಿ, ಸುಮಾರು 2,500 ಮಕ್ಕಳನ್ನು ಅವರು ಮುಂದೆ ಎರಡೂವರೆ ವರ್ಷ ಗಮನಿಸಿದರು. ಕಾಟ ಅರ್ಧದಷ್ಟು ಇಳಿದಿತ್ತು. ಅಲ್ಲಿ ಮಾಡಿದ್ದು ಮಂತ್ರವೇನಲ್ಲ. ಮಕ್ಕಳಿಗೆ ಹೆಸರು ಬರೆಯದ ಪ್ರಶ್ನೆಪತ್ರಿಕೆ ಕೊಟ್ಟು ನಿಜ ತಿಳಿದುಕೊಂಡರು. ಬಿಡುವಿನ ಹೊತ್ತಿನಲ್ಲಿ ದೊಡ್ಡವರು ಹೊರಗೆ ಬಂದು ನಿಂತರು. ತರಗತಿಯಲ್ಲಿ ನಾಲ್ಕು ನಿಯಮ ಮಾಡಿದರು. ಕಾಟ ಕೊಟ್ಟವನ ಜೊತೆ, ಕಾಟ ತಿಂದವನ ಜೊತೆ, ಇಬ್ಬರ ಮನೆಯವರ ಜೊತೆ ಬೇರೆ ಬೇರೆಯಾಗಿ ಕೂತು ಮಾತಾಡಿದರು.

ಸಭೆಯಲ್ಲಿ ಒಬ್ಬರು ಹೇಳಿದರು, ಈ ಹುಡುಗರನ್ನು ಒಂದು ದಿನ ಜೈಲು ತೋರಿಸಿಕೊಂಡು ಬನ್ನಿ, ಬುದ್ಧಿ ಬರುತ್ತದೆ ಅಂತ. ತುಂಬಾ ಜನ ಚಪ್ಪಾಳೆ ತಟ್ಟಿದರು. ಠಾಣೆಯ ಅಧಿಕಾರಿಗಳು ದಯವಿಟ್ಟು ಇದಕ್ಕೆ ಒಪ್ಪಬೇಡಿ. ಅಮೆರಿಕದಲ್ಲಿ ಇದನ್ನು ದಶಕಗಳ ಕಾಲ ಮಾಡಿ ನೋಡಿದ್ದಾರೆ. ಹುಡುಗರನ್ನು ಜೈಲಿಗೆ ಕರೆದುಕೊಂಡು ಹೋಗಿ ಕೈದಿಗಳಿಂದ ಗದರಿಸುವುದು. ಆಂಥನಿ ಪೆಟ್ರೋಸಿನೊ ಅನ್ನುವ ಸಂಶೋಧಕ ಮತ್ತು ಸಂಗಡಿಗರು ಇಂಥ ಒಂಬತ್ತು ಪ್ರಯೋಗಗಳನ್ನು ಪರೀಕ್ಷೆ ಮಾಡಿದರು. ಜೈಲು ನೋಡಿ ಬಂದವರು, ನೋಡದೆ ಮನೆಯಲ್ಲಿದ್ದವರಿಗಿಂತ ಜಾಸ್ತಿ ಅಪರಾಧಕ್ಕೆ ಇಳಿದಿದ್ದರು. ಹೆದರಿಸುವುದರಿಂದ ಏನೂ ಆಗದಿದ್ದರೂ ನಷ್ಟ ಇಲ್ಲವಲ್ಲ ಅಂದುಕೊಳ್ಳುತ್ತೇವೆ. ಇಲ್ಲಿ ನಷ್ಟವೇ ಆಯಿತು. ಆ ಪುಟ್ಟ ಗುಂಪಿಗೆ ಒಟ್ಟಿಗೆ ಒಂದು ಪಟ್ಟ ಕಟ್ಟಿ, ಒಂದು ಸಾಹಸದ ಕಥೆಯನ್ನೂ ಕೊಟ್ಟು ಕಳಿಸಿದಂತೆ ಆಯಿತು ಅನ್ನಿಸುತ್ತದೆ ನನಗೆ.

ಹೊಡೆದ ಹುಡುಗನನ್ನು ಶಾಲೆಯಿಂದ ತೆಗೆದುಹಾಕಿ ಅನ್ನುವ ಮಾತೂ ಅಂಥದ್ದೇ. ಅಲ್ಲಿಂದ ತೆಗೆದರೆ ಅವನು ಎಲ್ಲಿಗೆ ಹೋಗುತ್ತಾನೆ? ಅದೇ ಓಣಿಗೆ. ಈಗ ಬೆಳಿಗ್ಗೆಯಿಂದಲೇ. ಅಮೆರಿಕದ ಮನೋವಿಜ್ಞಾನ ಸಂಘದ ಒಂದು ಸಮಿತಿ 2008ರಲ್ಲಿ, ಏನು ಮಾಡಿದರೂ ಒಂದೇ ಕಠಿಣ ಶಿಕ್ಷೆ ಅನ್ನುವ ಪದ್ಧತಿಯನ್ನು ಪರಿಶೀಲಿಸಿತು. ಅದರಿಂದ ಶಾಲೆಗಳು ಸುರಕ್ಷಿತ ಆದದ್ದಕ್ಕೆ ಆಧಾರ ಸಿಗಲಿಲ್ಲ ಅಂತ ಹೇಳಿತು. ಶಿಕ್ಷೆ ಬೇಡ ಅಂತ ನಾನು ಹೇಳುತ್ತಿಲ್ಲ. ಹೊಡೆದವನಿಗೆ ತಾನು ಮಾಡಿದ್ದರ ಭಾರ ತಾಗಬೇಕು. ನನ್ನ ಮಗನಿಗೂ ತಾಗಬೇಕು. ಆದರೆ ಹೊಡೆದವನನ್ನು ನಮ್ಮ ಕಣ್ಣಿನಿಂದ ದೂರ ಮಾಡುವುದು ಶಿಕ್ಷೆಯಲ್ಲ, ನಮಗೆ ಸಿಗುವ ಬಿಡುಗಡೆ ಅಷ್ಟೇ.

ಹೊಡೆದ ಆ ಹುಡುಗನ ಬಗ್ಗೆ ಸಭೆಯಲ್ಲಿ ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ಅವನಿಗೆ 15 ವರ್ಷ. ಶಿಕಾಗೊದಲ್ಲಿ ಇಂಥ ಹುಡುಗರ ಜೊತೆ ನಡೆಸುವ ಒಂದು ಕಾರ್ಯಕ್ರಮ ಇದೆ, ಅದರ ಮೊದಲ ಪಾಠ ನನಗೆ ತುಂಬಾ ಹಿಡಿಸಿತು. ಇಬ್ಬಿಬ್ಬರನ್ನು ಜೋಡಿ ಮಾಡುತ್ತಾರೆ. ಒಬ್ಬನ ಮುಷ್ಟಿಯಲ್ಲಿ ಒಂದು ಚೆಂಡು. ಇನ್ನೊಬ್ಬನಿಗೆ 30 ಸೆಕೆಂಡು ಸಮಯ, ಅಷ್ಟರೊಳಗೆ ಚೆಂಡು ತೆಗೆದುಕೊಳ್ಳಬೇಕು. ಹುಡುಗರು ಬೆರಳು ತಿರುಚುತ್ತಾರೆ, ಎಳೆಯುತ್ತಾರೆ, ನೆಲಕ್ಕೆ ಕೆಡವುತ್ತಾರೆ. ಕೊನೆಗೆ ಮೇಷ್ಟ್ರು ಕೇಳುತ್ತಾರೆ: 'ಚೆಂಡು ಕೊಡ್ತೀಯಾ ಅಂತ ಯಾಕೆ ಕೇಳಲಿಲ್ಲ?' ಎದುರಿನವನನ್ನು ಕೇಳಿದರೆ, ಕೇಳಿದ್ದರೆ ಕೊಡುತ್ತಿದ್ದೆ ಅನ್ನುತ್ತಾನೆ. ಯೋಚನೆ ಬರುವ ಮೊದಲೇ ಕೈ ಹೋಗಿರುತ್ತದೆ, ಅಷ್ಟೇ ವಿಷಯ. ಸಂಶೋಧಕರು ಚೀಟಿ ಎತ್ತಿದ ಹಾಗೆ ಹುಡುಗರನ್ನು ಆರಿಸಿ ಪರೀಕ್ಷಿಸಿದಾಗ, ಕಾರ್ಯಕ್ರಮ ನಡೆದ ಅವಧಿಯಲ್ಲಿ ಹಿಂಸೆಯ ಪ್ರಕರಣಗಳಲ್ಲಿ ಬಂಧನ 45%ರಿಂದ 50% ಕಡಿಮೆಯಾಗಿತ್ತು. ಪಾಠ ನಿಂತ ಮೇಲೆ ಆ ಫಲ ಹಾಗೇ ಉಳಿಯಲಿಲ್ಲ ಅನ್ನುವುದನ್ನೂ ಸೇರಿಸಿಯೇ ಹೇಳುತ್ತೇನೆ. ಒಂದು ದಿನದ ಭಾಷಣ ಇಟ್ಟು, ಫೋಟೊ ತೆಗೆದು, ಕೆಲಸ ಮುಗಿಯಿತು ಅನ್ನುವವರು ಇದನ್ನು ಗಮನಿಸಬೇಕು.

ಈಗ ನಾನು ಕೇಳಬೇಕೆಂದಿರುವ ವಿಷಯಕ್ಕೆ ಬರುತ್ತೇನೆ.

ರಾನ್ ಆಸ್ಟರ್ ಅನ್ನುವ ಸಂಶೋಧಕ ಮತ್ತು ಅವರ ಜೊತೆಗಾರರು 1999ರಲ್ಲಿ ಕೆಲವು ಪ್ರೌಢಶಾಲೆಗಳಿಗೆ ಹೋಗಿ, ಶಾಲೆಯ ನಕ್ಷೆಯನ್ನು ಮಕ್ಕಳ ಮುಂದೆ ಹಾಸಿದರು. ಹೊಡೆದಾಟ ಎಲ್ಲೆಲ್ಲಿ ಆಗುತ್ತದೆ, ಎಷ್ಟು ಹೊತ್ತಿಗೆ, ಗುರುತು ಹಾಕಿ ಅಂದರು. ಗುರುತುಗಳು ಎಲ್ಲೆಂದರಲ್ಲಿ ಬೀಳಲಿಲ್ಲ. ದೊಡ್ಡವರು ಯಾರೂ ಇದು ನನ್ನ ಜಾಗ, ನನ್ನ ಹೊಣೆ ಅಂದುಕೊಳ್ಳದ ಕಡೆಗಳಲ್ಲೇ ಬಿದ್ದವು. ಓಡಾಡುವ ಹಾದಿ, ವಾಹನ ನಿಲ್ಲಿಸುವ ಜಾಗ, ಊಟದ ಕೋಣೆ. ಯಾರದ್ದೂ ಅಲ್ಲದ ಜಾಗ, ಯಾರದ್ದೂ ಅಲ್ಲದ ಹೊತ್ತು.

ನಾನೂ ಇದನ್ನೇ ಮಾಡಿದೆ. ಮಗನ ಹಳೆಯ ನೋಟ್‌ಬುಕ್ಕಿನ ಹಿಂದಿನ ಹಾಳೆ ಅವನ ಮುಂದೆ ಇಟ್ಟು, ಶಾಲೆ, ಅಲ್ಲಿಂದ ಮನೆಗೆ ಬರುವ ದಾರಿ ಬರೆದುಕೊಡು ಅಂದೆ. ಬರೆದ. ಎಲ್ಲಿ ಹೊಡೆತ ಬೀಳುತ್ತೆ, ಗುರುತು ಹಾಕು ಅಂದೆ. ಪೆನ್ನು ಹಿಡಿದು ಸ್ವಲ್ಪವೂ ಯೋಚಿಸದೆ ಐದು ಕಡೆ ಅಡ್ಡಗೆರೆ ಎಳೆದ. ಎರಡನೇ ಮಹಡಿಯ ಶೌಚಾಲಯ. ಮೆಟ್ಟಿಲು ತಿರುಗುವ ಜಾಗ. ಸೈಕಲ್ ಶೆಡ್ಡಿನ ಹಿಂಭಾಗ. ಹಿಂದಿನ ಓಣಿ. ವ್ಯಾನಿನ ಕೊನೆಯ ಸೀಟು. ಪಕ್ಕದಲ್ಲಿ ತಾನಾಗಿಯೇ ಹೊತ್ತನ್ನೂ ಬರೆದ. ಓಣಿಯ ಪಕ್ಕ ಬರೆದಿದ್ದು '4:10ರಿಂದ 4:40'. ಯಾಕೆ ಅಷ್ಟು ಸರಿಯಾಗಿ ಅಂತ ಕೇಳಿದೆ. "ಟೀಚರ್‌ಗಳು ಗೇಟ್ ತನಕ ಬರ್ತಾರೆ. ಸೆಕ್ಯುರಿಟಿ ಅಂಕಲ್ ಗೇಟ್ ದಾಟಲ್ಲ. ನೀವು ಬರೋಷ್ಟ್ರಲ್ಲಿ ಐದು ಗಂಟೆ." ಎಷ್ಟೋ ವರ್ಷದಿಂದ ಎಲ್ಲ ಮಕ್ಕಳಿಗೂ ಗೊತ್ತಿರುವ ನಕ್ಷೆ ಅದು. ನಮಗೆ ಯಾರಿಗೂ ಗೊತ್ತಿರಲಿಲ್ಲ, ಯಾಕೆಂದರೆ ನಾವು ಕೇಳಿರಲಿಲ್ಲ.

ಅಮೆರಿಕದಲ್ಲಿ ಶಾಲೆ ಇರುವ ದಿನಗಳ ಲೆಕ್ಕ ತೆಗೆದಾಗಲೂ, ಚಿಕ್ಕ ವಯಸ್ಸಿನವರ ಹಿಂಸೆ ತುದಿ ಮುಟ್ಟುವುದು ಗಂಟೆ ಹೊಡೆದು ಶಾಲೆ ಬಿಟ್ಟ ಕೂಡಲೇ. ನಡುರಾತ್ರಿಯಲ್ಲಿ ಅಲ್ಲ. ನಮ್ಮ ಸಮಿತಿ ರಾತ್ರಿ ಗಸ್ತಿನ ಬಗ್ಗೆ ಅರ್ಧ ಗಂಟೆ ಚರ್ಚೆ ಮಾಡಿತು. ಅದು ಬೇರೆ ಕಾರಣಕ್ಕೆ ಬೇಕಿರಬಹುದು, ನಮ್ಮ ಮಕ್ಕಳ ಲೆಕ್ಕ ಮಾತ್ರ 4:10ಕ್ಕೆ ನಿಂತಿದೆ.

ಆದ್ದರಿಂದ ಸಮಿತಿಯವರಲ್ಲಿ ನನ್ನ ಮೊದಲ ಬೇಡಿಕೆ: ಕ್ಯಾಮೆರಾಕ್ಕೆ ಹಣ ಕೂಡಿಸುವ ಮೊದಲು ಪ್ರತಿ ತರಗತಿಯಲ್ಲೂ ಇಂಥ ನಕ್ಷೆ ಬರೆಸಿ. ಹೆಸರು ಬೇಡ. ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿ, ಎಲ್ಲಿ ಗೆರೆ ಜಾಸ್ತಿ ಬಿದ್ದಿದೆಯೋ ಅಲ್ಲಿ ಒಬ್ಬರು ದೊಡ್ಡವರು ಆ ಹೊತ್ತಿಗೆ ಇರಬೇಕು. ಕೋಲು ಹಿಡಿದಲ್ಲ. ಸುಮ್ನೆ ನಿಂತಿದ್ದು, ಮಕ್ಕಳ ಹೆಸರು ಗೊತ್ತಿದ್ದರೆ ಸಾಕು. ಶೌಚಾಲಯ, ಮೆಟ್ಟಿಲು ಶಾಲೆಯವರು ನೋಡಿಕೊಳ್ಳಲಿ. ಗೇಟಿನ ಹೊರಗಿನದು ನಮ್ಮದು. ಗೇಟಿನ ಹೊರಗಿನದು ಶಾಲೆಯ ಜವಾಬ್ದಾರಿಯಲ್ಲ ಅಂತ ಮುಖ್ಯಸ್ಥರು ಹೇಳಿದ್ದು ಸರಿಯಾಗಿಯೇ ಇರಬಹುದು. ಆದರೆ ಆ ಹುಡುಗನನ್ನು ಹೊಡೆಯುವವರು ಕಾಯುತ್ತಿದ್ದದ್ದು ಗೇಟಿನಿಂದ ಐವತ್ತು ಹೆಜ್ಜೆ ದೂರದಲ್ಲಿ.

ಶಾಲೆಯವರಲ್ಲಿ ಒಂದೇ ಒಂದು ಕೋರಿಕೆ. ಮಗು ಬಂದು ಹೇಳಿದರೆ ಅದನ್ನು ಚಾಡಿ ಅನ್ನಬೇಡಿ. ಯಾರಿಗೆ ಹೇಳಬೇಕು ಅನ್ನುವುದು ಪ್ರತಿ ಮಗುವಿಗೂ ಗೊತ್ತಿರಲಿ, ಒಬ್ಬ ವ್ಯಕ್ತಿಯ ಹೆಸರಾಗಿ ಗೊತ್ತಿರಲಿ. ಹೇಳಿದವನ ಹೆಸರು ಹೊರಗೆ ಬಾರದಿರಲಿ. ವಾರ ಬಿಟ್ಟು ಅವನನ್ನೇ ಕರೆದು 'ಈಗ ಹೇಗಿದೆ?' ಅಂತ ಕೇಳಿ. ಈ ಕೊನೆಯದನ್ನು ಯಾರೂ ಮಾಡುವುದಿಲ್ಲ.

ಅಪ್ಪ ಅಮ್ಮಂದಿರೇ, ಆ ವಿಡಿಯೊ ನಿಮ್ಮಲ್ಲಿ ಇದ್ದರೆ ದಯವಿಟ್ಟು ಅಳಿಸಿ. 'ಎಂಥ ಕಾಲ ಬಂತು ನೋಡಿ' ಅಂತ ಬರೆದು ಮುಂದಕ್ಕೆ ಕಳಿಸಿದವರಲ್ಲಿ ನಾವೇ ಇದ್ದೆವು. ನಾವು ಕಳಿಸಿದ ಒಂದೊಂದು ಸಲವೂ ಅವನು ಮತ್ತೆ ಶೂ ಹುಡುಕಿದ. ಮಗನನ್ನು ಕರೆದುಕೊಂಡು ಕಳೆದ ವಾರ ನಾನು ಆ ಹುಡುಗನ ಮನೆಗೆ ಹೋಗಿದ್ದೆ. ಅವರಮ್ಮ ಬಾಗಿಲು ಅರ್ಧ ಮಾತ್ರ ತೆಗೆದರು, ಅದು ನ್ಯಾಯವೇ. ಹುಡುಗ ಒಳಗಿನಿಂದಲೇ ನನ್ನ ಮಗನನ್ನು ಒಂದು ಮಾತು ಕೇಳಿದ. "ಎಷ್ಟು ಜನಕ್ಕೆ ಕಳಿಸಿದೀಯಾ?" ನನ್ನ ಮಗನಿಗೆ ಲೆಕ್ಕ ಗೊತ್ತಿರಲಿಲ್ಲ.

ಆ ಹುಡುಗ ಈಗ ಶಾಲೆಗೆ ಬರುತ್ತಿದ್ದಾನೆ. ಓಣಿಯಲ್ಲಿ ಬರುವುದಿಲ್ಲ, ದೊಡ್ಡ ರಸ್ತೆ ಸುತ್ತಿಕೊಂಡು ಹೋಗುತ್ತಾನೆ.

ಬರುವ ವಾರದಿಂದ ಮಂಗಳವಾರ ಮತ್ತು ಶುಕ್ರವಾರ ನಾಲ್ಕು ಗಂಟೆಗೇ ನಾನು ಆ ಓಣಿಯಲ್ಲಿ ಇರುತ್ತೇನೆ, ಐದಕ್ಕೆ ಹತ್ತು ನಿಮಿಷ ಇರುವ ತನಕ. ಕಚೇರಿಯಲ್ಲಿ ಕೇಳಿ ಎರಡು ದಿನದ ಅನುಮತಿ ತೆಗೆದುಕೊಂಡಿದ್ದೇನೆ. ಸೋಮವಾರ, ಬುಧವಾರ, ಗುರುವಾರಕ್ಕೆ ಯಾರಾದರೂ ಬೇಕು. ಶನಿವಾರ ಅರ್ಧ ದಿನ ಶಾಲೆ, ಆ ಹೊತ್ತಿಗೂ ಒಬ್ಬರು ಬೇಕು. ನಿವೃತ್ತರಾದವರು, ಮನೆಯಲ್ಲೇ ಕೆಲಸ ಮಾಡುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಸಮಿತಿಯ ನೋಟಿಸ್ ಬೋರ್ಡಿನಲ್ಲಿ ಒಂದು ಹಾಳೆ ಅಂಟಿಸಿ, ಪಕ್ಕದಲ್ಲಿ ಪೆನ್ನು ಕಟ್ಟಿದ್ದೇನೆ. ಮಂಗಳವಾರ ಮತ್ತು ಶುಕ್ರವಾರದ ಎದುರು ನನ್ನ ಹೆಸರು ಇದೆ.

ಇತಿ,
ಒಂಬತ್ತನೇ ತರಗತಿಯ ಹುಡುಗನೊಬ್ಬನ ತಾಯಿ